ಹಾಸಿಗೆ ಇದ್ದಷ್ಟು ಕಾಲು: ಹವ್ಯಾಸಿ ಓಟಗಾರರು ಕಠಿಣ ಅಭ್ಯಾಸವನ್ನೂ ಚೇತರಿಕೆಯನ್ನೂ ಹೊಂದಿಸಿಕೊಳ್ಳುವ ಬಗೆ

ಹಾಫ್ ಮ್ಯಾರಥಾನ್‌ಗೋ ಮ್ಯಾರಥಾನ್‌ಗೋ ಸಿದ್ಧರಾಗುವ ಹವ್ಯಾಸಿ ಓಟಗಾರರಲ್ಲಿ ಹೆಚ್ಚಿನವರು ವಾರದ ವೇಳಾಪಟ್ಟಿ ಹಾಕುವಾಗ ಮೊದಲು ಕಠಿಣ ಓಟಗಳನ್ನು ಬರೆದುಕೊಂಡು, ಉಳಿದ ಖಾಲಿ ಜಾಗಕ್ಕೆ ವಿಶ್ರಾಂತಿಯನ್ನು ತುಂಬುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಸಲಹೆ. ಒಂದು ವಾರದಲ್ಲಿ ಎಷ್ಟು ಕಠಿಣ ಓಟಗಳಿಂದ ನಿಮ್ಮ ದೇಹ ಪೂರ್ತಿಯಾಗಿ ಚೇತರಿಸಿಕೊಳ್ಳಬಲ್ಲದು ಎಂಬುದನ್ನು ಮೊದಲು ಲೆಕ್ಕ ಹಾಕಿ, ಅಷ್ಟನ್ನೇ ವೇಳಾಪಟ್ಟಿಗೆ ಸೇರಿಸಿ. ವೃತ್ತಿಪರ ಓಟಗಾರರಿಗೆ ಮಧ್ಯಾಹ್ನದ ನಿದ್ದೆಯೂ ಕೆಲಸದ ಒಂದು ಭಾಗ. ನಮ್ಮಲ್ಲಿ ಬಹುತೇಕರು ಬೆಳಗಿನ ಓಟ ಮುಗಿಸಿ, ಇಡೀ ದಿನ ಕೆಲಸ ಮಾಡಿ, ಮನೆಯ ಜವಾಬ್ದಾರಿಗಳನ್ನು ನೋಡಿಕೊಂಡು, ಆರು ಗಂಟೆ ಮಲಗಿದರೆ ಅದೇ ಹೆಚ್ಚು. ಹೀಗಿರುವಾಗ ವೃತ್ತಿಪರರ ಪಟ್ಟಿಯನ್ನು ಕಿಲೋಮೀಟರ್ ಕಡಿಮೆ ಮಾಡಿ ನಕಲು ಮಾಡಿದರೆ ಸಾಲದು, ಏಕೆಂದರೆ ನಮಗೆ ಕೊರತೆಯಾಗಿರುವುದು ಕಾಲಿನ ಶಕ್ತಿಗಿಂತ ಹೆಚ್ಚಾಗಿ ಚೇತರಿಕೆಯ ಸಮಯ.

ದೇಹದ ಭಾಗಗಳು ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ

ಓಡುವಾಗ ದೇಹ ಬಲಗೊಳ್ಳುವುದಿಲ್ಲ. ಓಟದಿಂದಾದ ಸವೆತವನ್ನು ಅನಂತರದ ಗಂಟೆಗಳಲ್ಲಿ ಮತ್ತು ದಿನಗಳಲ್ಲಿ ತುಂಬಿಕೊಳ್ಳುವಾಗ, ಮೊದಲಿದ್ದುದಕ್ಕಿಂತ ತುಸು ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಈ ದುರಸ್ತಿಗೆ ದೇಹದ ಒಂದೊಂದು ಭಾಗವೂ ಒಂದೊಂದು ಅವಧಿ ತೆಗೆದುಕೊಳ್ಳುತ್ತದೆ ಎಂಬುದನ್ನು ವೇಳಾಪಟ್ಟಿ ಹಾಕುವವರು ಮರೆಯುತ್ತಾರೆ.

ಹೊಸದಾಗಿ ಅಭ್ಯಾಸ ಆರಂಭಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ. ಎರಡನೆಯ ವಾರದ ಹೊತ್ತಿಗೆ ಅದೇ ದಾರಿ ಹಗುರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ದೀರ್ಘ ಓಟದಲ್ಲಿ ಖಾಲಿಯಾದ ಸ್ನಾಯುಗಳ ಗ್ಲೈಕೋಜನ್ (ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯ ದಾಸ್ತಾನು) ಮತ್ತೆ ತುಂಬಲು, ಸರಿಯಾಗಿ ಊಟ ಮಾಡಿದರೂ, ಸುಮಾರು ಒಂದು ದಿನ ಬೇಕು. ಇಳಿಜಾರಿನಲ್ಲಿ ಓಡಿ ಸ್ನಾಯುಗಳಿಗೆ ಪೆಟ್ಟಾಗಿದ್ದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ನಾಯುನೋವು ಓಡಿದ ದಿನಕ್ಕಿಂತ ಮರುದಿನ ಅಥವಾ ಅದರ ಮರುದಿನ ಹೆಚ್ಚು. ಹಿಮ್ಮಡಿಯ ಮೇಲಿರುವ ಸ್ನಾಯುರಜ್ಜುವಿನಲ್ಲಿ, ಕಠಿಣ ಓಟದ ಬಳಿಕ ಸುಮಾರು ಒಂದೂವರೆ ದಿನದವರೆಗೆ ಕಟ್ಟುವ ಕೆಲಸಕ್ಕಿಂತ ಕಳಚುವ ಕೆಲಸವೇ ಹೆಚ್ಚಾಗಿರುತ್ತದೆ. ಲಾಭ ಕಾಣುವುದು ಅದರ ಬಳಿಕವೇ. ಮೂಳೆ ಎಲ್ಲಕ್ಕಿಂತ ನಿಧಾನ. ಅದು ಮೊದಲು ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಎಂದರೆ, ಹಳೆಯದು ಕರಗಿ ಹೊಸದು ಇನ್ನೂ ಗಟ್ಟಿಯಾಗದ ಕೆಲವು ವಾರಗಳ ಕಾಲ ಮೂಳೆ ಮೊದಲಿಗಿಂತ ದುರ್ಬಲವಾಗಿಯೇ ಇರಬಹುದು. ಅದೇ ವಾರಗಳಲ್ಲಿ ಉಸಿರು ಮಾತ್ರ ಸಲೀಸಾಗಿರುವುದರಿಂದ ಓಟಗಾರರಿಗೆ ಇನ್ನಷ್ಟು ಓಡುವ ಹುರುಪು ಬರುತ್ತದೆ.

ನಾನು ಎಡವಿದ್ದು ಸರಿಯಾಗಿ ಇಲ್ಲಿಯೇ. ಹಾಫ್ ಮ್ಯಾರಥಾನ್ ತರಬೇತಿಯ ಏಳನೆಯ ವಾರ, ಎಂದೂ ಇಲ್ಲದ ಹುರುಪಿನಲ್ಲಿ, ಒಂದೇ ವಾರಕ್ಕೆ ಮೂರು ವೇಗದ ಓಟಗಳನ್ನು ಮಾಡಿದೆ. ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಒಳ ಅಂಚಿನಲ್ಲಿ ನೋವು ಕಾಣಿಸಿಕೊಂಡಿತು. ಮೊದಲ ಕೆಲವು ದಿನ ಅದು ಅಂಗೈಯಗಲದಷ್ಟು ಜಾಗದಲ್ಲಿ ಹರಡಿತ್ತು. ಓಡಲು ಆರಂಭಿಸಿ ಹತ್ತು ನಿಮಿಷಕ್ಕೆ ಮಾಯವಾಗುತ್ತಿತ್ತು. ಹತ್ತನೆಯ ದಿನ ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತ ಬಂದಾಗ, ಒಂದು ನಾಣ್ಯದಷ್ಟು ಅಗಲದ ಜಾಗದಲ್ಲಿ ಮಾತ್ರ ಜೀವ ಹೋಗುವಂತಾಯಿತು. ರಾತ್ರಿ ಮಲಗಿದಾಗಲೂ ಅಲ್ಲಿಯೇ ಮಿಡಿಯುತ್ತಿತ್ತು. ಹರಡಿದ ನೋವು ಒಂದೇ ಬಿಂದುವಿಗೆ ಇಳಿಯುವುದು, ಓಡದಿದ್ದಾಗಲೂ ಉಳಿಯುವುದು, ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಚುಚ್ಚುವುದು, ಇವು ಮೂಳೆಯಲ್ಲಿ ಬಿರುಕು ಮೂಡುತ್ತಿರಬಹುದು ಎಂಬುದರ ಲಕ್ಷಣಗಳು. ಹೀಗಾದಾಗ ಆ ದಿನವೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನಾನು ಇನ್ನೂ ನಾಲ್ಕು ದಿನ ಓಡಿದೆ. ಆ ನಾಲ್ಕು ದಿನಕ್ಕೆ ತೆತ್ತ ಬೆಲೆ ಎರಡು ತಿಂಗಳು.

ನಿಧಾನದ ಓಟ ನಿಜವಾಗಿಯೂ ನಿಧಾನವಾಗಿರಬೇಕು

ಒಂದು ದಿನ ಕಠಿಣ, ಮರುದಿನ ಸುಲಭ ಎಂಬ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಿಲ್ ಬೋವರ್‌ಮನ್ ಪ್ರಮುಖರು. ಮುಂದೆ, ನಾರ್ವೆಯಲ್ಲಿ ನೆಲೆಸಿ ಸಂಶೋಧನೆ ನಡೆಸಿದ ಸ್ಟೀಫನ್ ಸೈಲರ್, ಉನ್ನತ ಮಟ್ಟದ ಸ್ಕೀಯಿಂಗ್, ದೋಣಿ ಸ್ಪರ್ಧೆ (ರೋಯಿಂಗ್) ಮತ್ತು ಓಟದ ಕ್ರೀಡಾಪಟುಗಳ ಅಭ್ಯಾಸವನ್ನು ಪರಿಶೀಲಿಸಿ, ಅವರ ಅಭ್ಯಾಸಗಳಲ್ಲಿ ಸುಮಾರು ಶೇ. 80ರಷ್ಟು ಕಡಿಮೆ ತೀವ್ರತೆಯವೇ ಆಗಿರುತ್ತವೆ ಎಂದು ತೋರಿಸಿದರು. ವಾರಕ್ಕೆ ನಾಲ್ಕು ಸಲ ಓಡುವವರು ಈ ಶೇಕಡಾವಾರು ಲೆಕ್ಕಕ್ಕೆ ಕ್ಯಾಲ್ಕ್ಯುಲೇಟರ್ ಹಿಡಿದು ಕೂರಬೇಕಾಗಿಲ್ಲ. ಅದರ ತಾತ್ಪರ್ಯ ಇಷ್ಟೇ: ನಾಲ್ಕರಲ್ಲಿ ಒಂದು ಓಟ ಕಠಿಣವಾಗಿರಲಿ, ಉಳಿದ ಮೂರು ಸುಲಭವಾಗಿರಲಿ.

ತೊಂದರೆ ಇರುವುದು ‘ಸುಲಭ’ ಎಂಬ ಪದದಲ್ಲಿ. ಹವ್ಯಾಸಿಗಳ ಸುಲಭದ ಓಟ ಸಾಮಾನ್ಯವಾಗಿ ಮಧ್ಯಮ ತೀವ್ರತೆಯದು: ಬೆವರು ಹರಿಯುತ್ತದೆ, ಓಡಿದ ತೃಪ್ತಿ ಸಿಗುತ್ತದೆ, ವಾಚಿನಲ್ಲಿ ಕಾಣುವ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ನಾಲ್ವರಿಗೆ ತೋರಿಸಲು ಯೋಗ್ಯವಾಗಿರುತ್ತದೆ. ಆದರೆ ಆ ಓಟ ಚೇತರಿಕೆಗೆ ಅಡ್ಡಿಯಾಗುವಷ್ಟು ಭಾರವಾಗಿಯೂ ವೇಗವನ್ನು ಬೆಳೆಸಲಾರದಷ್ಟು ಹಗುರವಾಗಿಯೂ ಇರುತ್ತದೆ. ಅದರ ಫಲ ಮಂಗಳವಾರದ ಇಂಟರ್ವಲ್ ಓಟದಲ್ಲಿ, ಅಂದರೆ ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಅಭ್ಯಾಸದಲ್ಲಿ, ಕಾಣುತ್ತದೆ. ಕಾಲು ಎತ್ತಬೇಕಾದ ದಿನ ಕಾಲು ಏಳುವುದಿಲ್ಲ.

ಸುಲಭದ ಓಟವನ್ನು ಅಳೆಯಲು ಎಲ್ಲಕ್ಕಿಂತ ನಂಬಲರ್ಹವಾದ ಉಪಕರಣ ಬಾಯಿ. ಓಡುತ್ತಲೇ ಎರಡು ಮೂರು ಪೂರ್ಣ ವಾಕ್ಯಗಳನ್ನು, ನಡುವೆ ಉಸಿರಿಗಾಗಿ ತಡವರಿಸದೆ, ಆಡಲು ಸಾಧ್ಯವಾಗಬೇಕು. ನಾಲ್ಕು ಪದಕ್ಕೊಮ್ಮೆ ಮಾತು ತುಂಡಾದರೆ ವೇಗ ಇಳಿಸಬೇಕು. ಏರುದಾರಿಯಲ್ಲಿ ನಡೆಯಬೇಕಾಗಿ ಬಂದರೆ ನಡೆಯಬೇಕು. 10 ಕಿ.ಮೀ. ದೂರವನ್ನು 60 ನಿಮಿಷದಲ್ಲಿ, ಅಂದರೆ ಕಿಲೋಮೀಟರಿಗೆ 6 ನಿಮಿಷದಂತೆ ಓಡಬಲ್ಲವರ ಸುಲಭದ ಪೇಸ್ ಕಿಲೋಮೀಟರಿಗೆ ಏಳರಿಂದ ಏಳೂವರೆ ನಿಮಿಷದಷ್ಟು ನಿಧಾನವಾಗಿರುವುದು ಸಹಜ. ಹೃದಯ ಬಡಿತವನ್ನು ನೋಡಿ ಓಡುವವರು, 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಕಂಡುಕೊಳ್ಳುವ ಸೂತ್ರ ಒಬ್ಬೊಬ್ಬರ ವಿಷಯದಲ್ಲಿ ಹತ್ತು ಹನ್ನೆರಡು ಬಡಿತಗಳಷ್ಟು ಆಚೀಚೆ ಆಗಬಹುದು ಎಂಬುದನ್ನು ನೆನಪಿಡಬೇಕು. ಸೆಕೆ ಹೆಚ್ಚಿದ್ದರೆ, ನೀರು ಸಾಲದಿದ್ದರೆ, ಅಥವಾ ಓಟ ಒಂದು ಗಂಟೆ ದಾಟಿದ್ದರೆ, ಅದೇ ವೇಗಕ್ಕೂ ಬಡಿತ ಏರುತ್ತ ಹೋಗುತ್ತದೆ; ಅಂತಹ ದಿನ ಪೇಸನ್ನು ಮರೆತು ಉಸಿರನ್ನು ನಂಬುವುದು ಲೇಸು.

ವಾರವನ್ನು ಜೋಡಿಸುವ ಕ್ರಮ

ಕಾಗದ ತೆಗೆದುಕೊಂಡು ಮೊದಲು ಏಳು ರಾತ್ರಿಗಳನ್ನು ಬರೆಯಿರಿ. ಯಾವ ಯಾವ ರಾತ್ರಿ ಏಳು ಗಂಟೆಗಿಂತ ಹೆಚ್ಚು ನಿದ್ದೆ ಖಚಿತ ಎಂಬುದನ್ನು ಗುರುತಿಸಿ. ಕೆಲಸದ ಒತ್ತಡ ಹೆಚ್ಚಿರುವ ದಿನಗಳು, ಪ್ರಯಾಣದ ದಿನಗಳು, ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಲು ಎದ್ದಿರಬೇಕಾದ ರಾತ್ರಿಗಳು, ಎಲ್ಲವನ್ನೂ ಬರೆಯಿರಿ. ಮನಸ್ಸಿನ ಒತ್ತಡ ಬೇರೆ ಖಾತೆಯದು, ಕಾಲಿನ ದಣಿವು ಬೇರೆ ಖಾತೆಯದು ಎಂದು ದೇಹ ವಿಂಗಡಿಸಿಡುವುದಿಲ್ಲ; ತಿಂಗಳ ಕೊನೆಯ ಲೆಕ್ಕಪತ್ರ ಮುಗಿಸಬೇಕಾದ ವಾರದಲ್ಲಿ ಸ್ನಾಯುಗಳೂ ತಡವಾಗಿಯೇ ಚೇತರಿಸಿಕೊಳ್ಳುತ್ತವೆ. ಹಿಂದಿನ ರಾತ್ರಿಯೂ ಮುಂದಿನ ರಾತ್ರಿಯೂ ಚೆನ್ನಾಗಿರುವ ದಿನಗಳು ಎಲ್ಲಿ ಸಿಗುತ್ತವೋ ಅಲ್ಲಿ ಮಾತ್ರ ಕಠಿಣ ಓಟಕ್ಕೆ ಸ್ಥಳ. ಇಂತಹ ದಿನಗಳು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಿಗುವುದು ಅಪರೂಪ. ಸಿಕ್ಕರೂ ಹವ್ಯಾಸಿಗಳಿಗೆ ಎರಡೇ ಸಾಕು. ದೀರ್ಘ ಓಟವನ್ನೂ ಈ ಎರಡರಲ್ಲಿಯೇ ಎಣಿಸಬೇಕು. ನಿಧಾನವಾಗಿ ಓಡಿದೆವೆಂದ ಮಾತ್ರಕ್ಕೆ ಎರಡು ಗಂಟೆಯ ಓಟ ಸುಲಭದ ಓಟವಾಗುವುದಿಲ್ಲ.

ಎರಡು ಕಠಿಣ ಓಟಗಳ ನಡುವೆ ಕನಿಷ್ಠ 48 ಗಂಟೆಗಳ ಅಂತರವಿರಲಿ. ನಲವತ್ತೈದು ದಾಟಿದವರಲ್ಲಿ ಹಲವರಿಗೆ 72 ಗಂಟೆ ಬೇಕಾಗುತ್ತದೆ. ಅಂಥವರು ಏಳು ದಿನದ ವಾರವೆಂಬ ಕಟ್ಟನ್ನೇ ಬಿಟ್ಟು, ಹತ್ತು ದಿನಗಳ ಒಂದು ಆವರ್ತನದಲ್ಲಿ ಮೂರು ಕಠಿಣ ಓಟಗಳನ್ನು ಹರಡಿಕೊಳ್ಳಬಹುದು. ತೂಕ ಎತ್ತುವ ವ್ಯಾಯಾಮ ಮಾಡುವವರು ಅದನ್ನು ಸುಲಭದ ದಿನಕ್ಕೆ ಹಾಕುವ ಬದಲು ಕಠಿಣ ಓಟದ ದಿನವೇ, ಓಟವಾದ ಕೆಲವು ಗಂಟೆಗಳ ಬಳಿಕ ಮಾಡುವುದು ಮೇಲು. ಇದು ತಲೆಕೆಳಗಾದ ಸಲಹೆಯಂತೆ ತೋರಬಹುದು. ಆದರೆ ಭಾರವೆಲ್ಲ ಒಂದು ದಿನಕ್ಕೆ ಬಿದ್ದಾಗ ಮಾತ್ರ ಮರುದಿನ ನಿಜವಾಗಿ ಖಾಲಿಯಾಗಿ ಉಳಿಯುತ್ತದೆ.

ವಾರದ ಭಾರವನ್ನು ಕಿಲೋಮೀಟರಿನಿಂದ ಅಳೆಯುವುದಕ್ಕಿಂತ ಉತ್ತಮವಾದ ಒಂದು ದಾರಿಯನ್ನು ಅಮೆರಿಕದ ಕ್ರೀಡಾವಿಜ್ಞಾನಿ ಕಾರ್ಲ್ ಫಾಸ್ಟರ್ ತೋರಿಸಿಕೊಟ್ಟಿದ್ದಾರೆ. ಓಟ ಮುಗಿದ ಅರ್ಧ ಗಂಟೆಯ ಬಳಿಕ, ಅದು ಒಟ್ಟಾರೆ ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಹತ್ತರಲ್ಲಿ ಅಂಕ ಕೊಟ್ಟು, ಅದನ್ನು ಓಡಿದ ನಿಮಿಷಗಳಿಂದ ಗುಣಿಸಬೇಕು. ಉದಾಹರಣೆಗೆ, ವಾರಕ್ಕೆ ಐದು ದಿನ, ದಿನಕ್ಕೆ 50 ನಿಮಿಷ, ಪ್ರತಿ ಸಲವೂ ಐದು ಅಂಕದಷ್ಟು ಕಷ್ಟದಿಂದ ಓಡುವವರ ಮೊತ್ತ 1,250. ಇನ್ನೊಬ್ಬರು ಮಂಗಳವಾರ 50 ನಿಮಿಷದ ಇಂಟರ್ವಲ್ ಓಟಕ್ಕೆ ಏಳು ಅಂಕ, ಭಾನುವಾರ 100 ನಿಮಿಷದ ದೀರ್ಘ ಓಟಕ್ಕೆ ನಾಲ್ಕು ಅಂಕ, ಉಳಿದ ಮೂರು ದಿನ 40 ನಿಮಿಷದ ಓಟಕ್ಕೆ ಮೂರು ಅಂಕ ಕೊಟ್ಟರೆ, 350, 400 ಮತ್ತು 360 ಸೇರಿ 1,110 ಆಗುತ್ತದೆ. ಎರಡನೆಯವರು 20 ನಿಮಿಷ ಹೆಚ್ಚು ಓಡಿದ್ದಾರೆ, ದೇಹಕ್ಕೆ ಎರಡು ಬಲವಾದ ಪ್ರಚೋದನೆಗಳನ್ನು ಕೊಟ್ಟಿದ್ದಾರೆ, ಆದರೂ ಒಟ್ಟು ಭಾರ ಕಡಿಮೆ. ಮೊತ್ತದಷ್ಟೇ ಮುಖ್ಯವಾದುದು ದಿನದಿಂದ ದಿನಕ್ಕಿರುವ ಏರಿಳಿತ. ಮೊದಲನೆಯವರ ಅಂಕಣದಲ್ಲಿ ಓಡಿದ ದಿನಗಳೆಲ್ಲ 250, 250 ಎಂದು ಒಂದೇ ಸಮ ಇರುತ್ತವೆ. ಹೀಗೆ ಏಕತಾನವಾಗಿ ಬೀಳುವ ಭಾರವೇ ಅತಿದಣಿವಿಗೂ ಅನಾರೋಗ್ಯಕ್ಕೂ ದಾರಿ ಮಾಡಿಕೊಡುತ್ತದೆ ಎಂಬುದು ಫಾಸ್ಟರ್ ಅವರ ಮುಖ್ಯ ಎಚ್ಚರಿಕೆಗಳಲ್ಲಿ ಒಂದು.

ದೂರವನ್ನು ಹೆಚ್ಚಿಸುವ ವಿಷಯದಲ್ಲಿ, ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಬೇಡ ಎಂಬ ನಿಯಮವನ್ನು ಓಟಗಾರರು ಶಾಸನದಂತೆ ಪಾಲಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನ ಗ್ರೊನಿಂಗೆನ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ನಿಯಮವನ್ನು ಅನುಸರಿಸಿ 13 ವಾರ ನಿಧಾನವಾಗಿ ಹೆಚ್ಚಿಸಿದವರಿಗೂ 8 ವಾರದಲ್ಲಿ ಮುಗಿಸಿದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಹಾಗೆಂದು ಹೇಗೆ ಬೇಕಾದರೂ ಹೆಚ್ಚಿಸಬಹುದು ಎಂದಲ್ಲ. ವಾರದ ಮೊತ್ತಕ್ಕಿಂತ ಒಂದೇ ಓಟದಲ್ಲಿ ಮಾಡುವ ಜಿಗಿತವನ್ನು ಹೆಚ್ಚು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಳೆದ ಒಂದು ತಿಂಗಳಲ್ಲಿ ಅತಿ ಹೆಚ್ಚೆಂದರೆ 14 ಕಿ.ಮೀ. ಓಡಿರುವವರು ಗೆಳೆಯರ ಗುಂಪಿನ ಜೊತೆ ಸೇರಿ ಒಮ್ಮೆಲೇ 20 ಕಿ.ಮೀ. ಓಡಿದರೆ, ವಾರದ ಮೊತ್ತ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಇದಲ್ಲದೆ, ಎರಡು ಅಥವಾ ಮೂರು ವಾರ ಏರಿಸಿದ ಮೇಲೆ ಒಂದು ವಾರ ದೂರವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಬೇಕು. ಆ ವಾರ ಕಾಲಿನಲ್ಲಿ ಶಕ್ತಿ ಉಕ್ಕಿ ಬಂದಂತೆನಿಸುತ್ತದೆ. ಅದನ್ನು ಅಲ್ಲಿಯೇ ಖರ್ಚು ಮಾಡಬೇಡಿ.

ಆ ದಿನದ ತೀರ್ಮಾನ

ಎಷ್ಟೇ ಎಚ್ಚರದಿಂದ ಜೋಡಿಸಿದ ಪಟ್ಟಿಯೂ ಒಂದು ಊಹೆ ಮಾತ್ರ. ಹೀಗಾಗಿ ದಿನವೂ ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲಿರುವಾಗಲೇ, ನಾಡಿಬಡಿತವನ್ನು ಎಣಿಸಿ ಬರೆದಿಡಿ. ಜೊತೆಗೆ ನಿದ್ದೆಯ ಗಂಟೆಗಳನ್ನು, ಕಾಲಿನ ನೋವನ್ನು, ಓಡಲು ಮನಸ್ಸಿದೆಯೇ ಇಲ್ಲವೇ ಎಂಬುದನ್ನು ಒಂದೊಂದು ಪದದಲ್ಲಿ ಬರೆದರೆ ಸಾಕು. ಬಡಿತ ಒಂದು ದಿನ ಏರಿದರೆ ಅದಕ್ಕೆ ಅರ್ಥವಿಲ್ಲದಿರಬಹುದು. ಸಾಮಾನ್ಯವಾಗಿ 54 ಇರುವುದು ಮೂರು ದಿನ ಸತತವಾಗಿ 61, 62 ತೋರಿಸಿ, ಅದರೊಂದಿಗೆ ಸಣ್ಣಪುಟ್ಟದಕ್ಕೂ ಸಿಡುಕು, ಮಲಗಿದರೂ ನಿದ್ದೆ ಬಾರದಿರುವುದು ಸೇರಿಕೊಂಡರೆ ಕಠಿಣ ಓಟವನ್ನು ಮುಂದಕ್ಕೆ ಹಾಕಬೇಕು. ವಾಚು ತೋರಿಸುವ ಚೇತರಿಕೆಯ ಅಂಕವನ್ನೂ ನೋಡಬಹುದು. ನಾನಂತೂ ಡೈರಿ ಬರೆದ ಮೇಲೆಯೇ ಅದನ್ನು ನೋಡುತ್ತೇನೆ, ಮೊದಲೇ ನೋಡಿದರೆ ದೇಹ ಹೇಳಿದ್ದನ್ನು ಬಿಟ್ಟು ವಾಚು ಹೇಳಿದ್ದನ್ನೇ ಬರೆಯುವ ಚಾಳಿ ನನಗಿದೆ.

ಅನುಮಾನವಿರುವ ದಿನ ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಬೇಡ. ಹದಿನೈದು ನಿಮಿಷ ನಿಧಾನವಾಗಿ ಓಡಿ, ಇಪ್ಪತ್ತು ಸೆಕೆಂಡುಗಳ ಮೂರು ಚುರುಕಾದ ಓಟಗಳನ್ನು ಮಾಡಿ ನೋಡಿ. ಕಾಲು ಸಡಿಲಗೊಂಡರೆ ಮುಂದುವರಿಯಿರಿ. ಸೀಸದಂತೆಯೇ ಭಾರವಾಗಿದ್ದರೆ ಅರ್ಧ ಗಂಟೆಯ ಸುಲಭದ ಓಟಕ್ಕೆ ತೃಪ್ತರಾಗಿ ಮನೆಗೆ ಮರಳಿ.

ಕಠಿಣ ಓಟದ ನಡುವೆಯೂ ನಿಲ್ಲಿಸಬೇಕಾದ ಘಳಿಗೆಯೊಂದಿದೆ. 1,000 ಮೀಟರಿನ ಆರು ಓಟಗಳ ಅಭ್ಯಾಸವನ್ನು ತೆಗೆದುಕೊಳ್ಳೋಣ. ಮೊದಲ ಮೂರು 5 ನಿಮಿಷ 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದವು. ನಾಲ್ಕನೆಯದು 5 ನಿಮಿಷ 12 ಸೆಕೆಂಡು; ಆದರೆ ಭುಜಗಳು ಕಿವಿಯ ಕಡೆಗೆ ಏರಿವೆ, ಮುಷ್ಟಿ ಬಿಗಿದಿದೆ, ಪಾದ ನೆಲಕ್ಕೆ ಬೀಳುವ ಸದ್ದು ಹೆಚ್ಚಾಗಿದೆ. ಐದನೆಯದನ್ನು 5 ನಿಮಿಷ 24 ಸೆಕೆಂಡಿನಲ್ಲಿ ಹೇಗೋ ಎಳೆದು ಮುಗಿಸಿದ್ದೀರಿ. ಆರನೆಯದನ್ನು ಓಡಬೇಡಿ. ಅಭ್ಯಾಸದಿಂದ ಬರಬೇಕಾದ ಲಾಭ ಈಗಾಗಲೇ ಬಹುಮಟ್ಟಿಗೆ ಬಂದಾಗಿದೆ. ಭಂಗಿ ಕೆಟ್ಟ ಮೇಲೆ ಓಡುವ ಕೊನೆಯ ಓಟ ಚೇತರಿಕೆಗೆ ಇನ್ನೊಂದು ದಿನವನ್ನು ಬೇಡುತ್ತದೆ. ಮುಗಿಸಿದ ಮೇಲೂ ಇನ್ನೊಂದನ್ನು ಓಡಬಹುದಿತ್ತು ಎನಿಸುವಂತೆ ನಿಲ್ಲಿಸುವುದು ಕಠಿಣ ಓಟದ ಸರಿಯಾದ ಅಳತೆ.

ನಿದ್ದೆ, ಊಟ, ಮತ್ತು ಉಳಿದವು

ಚೇತರಿಕೆಗೆಂದು ಮಾರಾಟವಾಗುವ ವಸ್ತುಗಳೆಲ್ಲ ಒಂದು ಕಡೆ, ನಿದ್ದೆಯೇ ಒಂದು ಕಡೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ವಯಸ್ಕರಿಗೆ ಏಳರಿಂದ ಒಂಬತ್ತು ಗಂಟೆ ಬೇಕು. ಓಟದ ಭಾರ ಹೆಚ್ಚಿರುವ ವಾರಗಳಲ್ಲಿ ಅದರ ಮೇಲಿನ ತುದಿಯೇ ಸೂಕ್ತ. ಐದು ಗಂಟೆ ಮಾತ್ರ ಮಲಗಿದ ದಿನ ಅಲಾರಂ ಇಟ್ಟುಕೊಂಡು ಇಂಟರ್ವಲ್ ಓಡುವುದಕ್ಕಿಂತ ಇನ್ನೊಂದು ಗಂಟೆ ಮಲಗುವುದೇ ಅಭ್ಯಾಸ.

ದೀರ್ಘ ಓಟದ ಬಳಿಕ ಬೇಗ ಊಟ ಮಾಡಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಓಡಿ, ಮರುದಿನವೂ ಓಡುವುದಿದ್ದರೆ, ಮೊದಲ ಕೆಲವು ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಸುಮಾರು 1 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಂತೆ ನೋಡಿಕೊಳ್ಳಿ. 60 ಕಿಲೋ ತೂಗುವವರಿಗೆ ಗಂಟೆಗೆ 60 ಗ್ರಾಂ ಆಯಿತು. ಪ್ರೋಟೀನನ್ನು ಒಂದೇ ಊಟಕ್ಕೆ ಸುರಿಯದೆ, ಪ್ರತಿ ಊಟದಲ್ಲೂ 20ರಿಂದ 30 ಗ್ರಾಂನಂತೆ ದಿನವಿಡೀ ಹಂಚಿಕೊಳ್ಳಿ. ಓಟ ಹೆಚ್ಚಿಸುತ್ತಲೇ ತೂಕ ಇಳಿಸಲು ಊಟ ಕಡಿಮೆ ಮಾಡುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ದೇಹಕ್ಕೆ ಬೇಕಾದ ಶಕ್ತಿ ದೀರ್ಘಕಾಲ ಸಾಲದಾದಾಗ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲವೂ ಸೊರಗುವ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಅದು ಹೆಂಗಸರಿಗೆ ಮಾತ್ರವಲ್ಲ, ಗಂಡಸರಿಗೂ ಬರುತ್ತದೆ. ತರಬೇತಿಯ ನಡುವೆ ಮುಟ್ಟು ನಿಂತುಹೋದರೆ ಅದನ್ನು ಕಠಿಣ ಅಭ್ಯಾಸದ ಸಹಜ ಪರಿಣಾಮವೆಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು.

ಮಸಾಜು ಹಿತವಾಗಿರುತ್ತದೆ, ಮಾಡಿಸಿಕೊಳ್ಳಿ. ತಣ್ಣೀರಿನಲ್ಲಿ ಮುಳುಗಿ ಕೂರುವುದು ನೋವನ್ನು ತಗ್ಗಿಸುತ್ತದೆ. ಆದರೆ ತೂಕ ಎತ್ತಿದ ಬಳಿಕ ಪ್ರತಿ ಸಲವೂ ಹಾಗೆ ಮಾಡಿದರೆ ಸ್ನಾಯು ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆ. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಿ ದೀರ್ಘ ಓಟಕ್ಕೆ ಹೊರಡುವುದು ಮಾತ್ರ ಸರ್ವಥಾ ಬೇಡ: ಎಚ್ಚರಿಸುವ ನೋವನ್ನು ಅದು ಮುಚ್ಚಿಡುತ್ತದೆ, ನೀರಿನ ಅಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೂ ಹಾನಿ ಮಾಡಬಲ್ಲದು.

ತಪ್ಪಿಹೋದ ದಿನಗಳು

ಜ್ವರವಿದ್ದಾಗ, ಎದೆಯಲ್ಲಿ ಕಫ ಕಟ್ಟಿದಾಗ ಓಡಬಾರದು. ವೈರಸ್ ಸೋಂಕು ಹೃದಯದ ಸ್ನಾಯುವಿಗೆ ತಗುಲುವ ಸಾಧ್ಯತೆ ಇರುವುದರಿಂದ ಇದರಲ್ಲಿ ರಿಯಾಯಿತಿ ಇಲ್ಲ. ಗುಣವಾದ ಮೇಲೆ, ತಪ್ಪಿಹೋದ ಓಟಗಳನ್ನು ಮುಂದಿನ ವಾರಕ್ಕೆ ತುರುಕುವುದು ಹವ್ಯಾಸಿಗಳು ಮಾಡುವ ಅತ್ಯಂತ ಸಾಮಾನ್ಯ ತಪ್ಪು. ಒಂದು ವಾರ ಓಡದಿದ್ದರೆ ಕಳೆದುಕೊಳ್ಳುವುದು ಅತ್ಯಲ್ಪ. ಎರಡು ಮೂರು ದಿನ ಸುಲಭವಾಗಿ ಓಡಿ, ಪಟ್ಟಿಯಲ್ಲಿ ಆ ದಿನಕ್ಕೆ ಏನಿದೆಯೋ ಅಲ್ಲಿಂದಲೇ, ದೂರವನ್ನು ಸ್ವಲ್ಪ ತಗ್ಗಿಸಿ ಮುಂದುವರಿಯಿರಿ. ಎರಡು ವಾರ ಪೂರ್ತಿ ವಿಶ್ರಾಂತಿ ಪಡೆದ ಮೇಲೂ ಮೆಟ್ಟಿಲು ಹತ್ತುವಾಗ ದಣಿವು, ಸುಲಭದ ಪೇಸಿನಲ್ಲಿಯೂ ಏದುಸಿರು ಉಳಿದಿದ್ದರೆ ಅದು ಓಟದ ದಣಿವೇ ಎಂದು ನೀವೇ ತೀರ್ಮಾನಿಸದೆ ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಓಟದ ಸ್ಪರ್ಧೆಗೆ ಎರಡು ವಾರ ಉಳಿದಾಗ ವಾರದ ದೂರವನ್ನು ಹಂತಹಂತವಾಗಿ ಅರ್ಧದಷ್ಟಕ್ಕೆ ಇಳಿಸಬೇಕು. ವೇಗದ ಓಟಗಳನ್ನು ಬಿಡಬಾರದು, ಅವುಗಳ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಬೇಕು: ಆರು ಸಲ ಓಡುತ್ತಿದ್ದ 1,000 ಮೀಟರನ್ನು ಅದೇ ವೇಗದಲ್ಲಿ ಮೂರು ಸಲ ಓಡಿದರೆ ಸಾಕು. ಈ ದಿನಗಳಲ್ಲಿ ಎಲ್ಲೋ ಒಂದು ಕಡೆ ಹೊಸ ನೋವು ಕಾಣಿಸಿಕೊಂಡಂತೆ ಅನಿಸುವುದು, ಅಭ್ಯಾಸವೆಲ್ಲ ಜಾರಿಹೋಗುತ್ತಿದೆ ಎಂದು ಕಳವಳವಾಗುವುದು ಬಹಳ ಜನರ ಅನುಭವ. ಆಗ ‘ಒಮ್ಮೆ ಪರೀಕ್ಷಿಸಿ ನೋಡುತ್ತೇನೆ’ ಎಂದು ಹೊರಡುವ 15 ಕಿಲೋಮೀಟರಿನ ವೇಗದ ಓಟದಿಂದ ಚೇತರಿಸಿಕೊಳ್ಳಲು ಸ್ಪರ್ಧೆಯ ದಿನದೊಳಗೆ ಸಮಯ ಉಳಿದಿರುವುದಿಲ್ಲ.